ಫಾದರ್ ಕೆಲಸದಲ್ಲಿ ಪ್ರಸಂಗಕ್ಕಿಂತ ಬೀಗದ ಕೈ ಗೊಂಚಲೇ ಭಾರ

ಎಸ್ಟೇಟ್ ಫಾದರ್:
ಈ ವೇದಿಕೆಯಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಬಸ್ ಕಂಡಕ್ಟರುಗಳು ಎಲ್ಲರೂ ತಮ್ಮ ಕೆಲಸದ ತಲೆನೋವು ಬರೆದಿದ್ದಾರೆ. ಓದಿ ಖುಷಿಯಾಯಿತು. ನಮ್ಮದೂ ಒಂದಿರಲಿ. ನಾನು ಮಲೆನಾಡಿನ ಒಂದು ಕಥೋಲಿಕ ಧರ್ಮಕೇಂದ್ರದ, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಊರುಗಳ, ಫಾದರ್. ನಮ್ಮದು ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶ), ಅಂದರೆ ಹಾಸನ ಜಿಲ್ಲೆಯೂ ಸೇರಿತು. 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದು. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಚರ್ಚಿನ ಪಾಲನಾ ಸಮಿತಿಯ ಮುಂದಿನ ಮೀಟಿಂಗಿಗೆ ಅದೇ ಅಜೆಂಡಾ ಆಗುತ್ತದೆ.

ಸಾವು ನೋವು, ಮನೆ ಜಗಳ, ಕುಡಿತ, ಇವೆಲ್ಲ ನಮ್ಮ ಕೆಲಸವೇ. ಅದಕ್ಕೆಂದೇ ಬಂದಿದ್ದೇವೆ. ಸುಸ್ತು ಮಾಡುವುದು ಚಿಲ್ಲರೆ ವಿಷಯಗಳು.

ಉದಾಹರಣೆಗೆ, ಪೂಜೆಯಲ್ಲಿ ಹೆಸರು ಓದುವುದು. ತೀರಿಕೊಂಡವರ ನೆನಪಿಗೆ ಜನ ಕಾಣಿಕೆ ಕೊಟ್ಟು ಪೂಜೆ (ಮಾಸ್) ಮಾಡಿಸುತ್ತಾರೆ, ಅದನ್ನೇ ಕೋರಿಕೆ ಅನ್ನುವುದು. ಒಂದು ಪೂಜೆಗೆ ಒಂದೇ ಕೋರಿಕೆ, ಅದು ಧರ್ಮಸಭೆಯ ಕಾನೂನು. ನಾಲ್ಕಾರು ಕೋರಿಕೆ ಸೇರಿಸಿ ಒಂದೇ ಪೂಜೆ ಮಾಡಬೇಕಾದರೆ ಕೊಟ್ಟವರೆಲ್ಲ ಒಪ್ಪಿರಬೇಕು. ರೋಮ್‌ನ 1991ರ ಆದೇಶದಲ್ಲಿ ಅದೂ ವಾರಕ್ಕೆ ಎರಡು ದಿನ ಮಾತ್ರ ಅಂತಿತ್ತು, 2025ರಲ್ಲಿ ಹೊಸ ಆದೇಶ ಬಂದಿದೆ. ಭಾನುವಾರದ ಒಂದು ಪೂಜೆಯನ್ನಂತೂ ಇಡೀ ಧರ್ಮಕೇಂದ್ರದ ಜನರಿಗಾಗಿ ಕಾಣಿಕೆ ಇಲ್ಲದೆ ಮಾಡಲೇಬೇಕು. ಇದನ್ನೆಲ್ಲ ಎಷ್ಟು ಸಲ ಹೇಳಿದ್ದೇನೋ. ಆದರೂ ಭಾನುವಾರ ಎರಡನೇ ಗಂಟೆ ಹೊಡೆದ ಮೇಲೆ, ನಾನು ಪೂಜೆ ಬಟ್ಟೆ ಹಾಕಿಕೊಳ್ಳುವಾಗ, ಬಾಗಿಲ ಸಂದಿಯಲ್ಲಿ ಒಂದು ಕೈ ಬರುತ್ತದೆ. ಕೈಯಲ್ಲಿ ಚೀಟಿ. 'ಫಾದರ್, ನಮ್ಮ ಮಾವಂದು ವರ್ಷದ ದಿನ, ಸುಮ್ನೆ ಹೆಸರು ಹೇಳಿಬಿಡಿ.' ಹೇಳಿದರೆ ಮುಂದಿನ ವಾರ ಹತ್ತು ಚೀಟಿ. ಹೇಳದಿದ್ದರೆ ಆ ಮನೆಯವರು ಈಸ್ಟರ್ ತನಕ ಮಾತಾಡಲ್ಲ.

ಇನ್ನು ಬೀಗದ ಕೈಗಳು. ಚರ್ಚು, ಹಾಲ್, ಶಾಲೆ, ಸ್ಮಶಾನದ ಗೇಟು, ಪಂಪ್‌ಸೆಟ್, ತೇರಿನ ಶೆಡ್. ಹಿಂದಿನ ಫಾದರ್ ಟ್ರಾನ್ಸ್‌ಫರ್ ಆಗಿ ಹೋಗುವಾಗ ಗೊಂಚಲು ಕೊಟ್ಟರು. ಅವರಿಗೆ ಅವರ ಹಿಂದಿನವರು ಕೊಟ್ಟಿದ್ದರು. ಅರ್ಧ ಕೈಗಳು ಯಾವ ಬೀಗಕ್ಕೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಬಿಸಾಡಲು ಧೈರ್ಯವೂ ಇಲ್ಲ.

ಬೇರೆ ಫಾದರ್‌ಗಳಿದ್ದರೆ ಬರೆಯಿರಿ. ಬೈಯುವವರೂ ಬರೆಯಿರಿ, ಪರವಾಗಿಲ್ಲ.

ರೊಬಸ್ಟಾ ರೈತ:
ಬೈಯುವವನು ಮೊದಲು ಬಂದಿದ್ದೇನೆ ಫಾದರ್. ಮೂಡಿಗೆರೆ ಕಡೆಯವನು. ಚೀಟಿ ವಿಷಯ ಒಪ್ಪುತ್ತೇನೆ. ಆದರೆ ನಮ್ಮ ಕಡೆಯಿಂದಲೂ ನೋಡಿ. ಆಫೀಸ್ ಸಮಯ ಬೆಳಗ್ಗೆ ಒಂಬತ್ತರಿಂದ ಹನ್ನೆರಡು ಅಂತ ಬೋರ್ಡ್ ಹಾಕಿರುತ್ತೀರಿ. ನಮಗೆ ಅದೇ ಸಮಯ ತೋಟದಲ್ಲಿ ಕೆಲಸ. ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ತನಕ, ಅಂದರೆ ಮಾರ್ಚ್ ತನಕ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸಂಜೆ ಬಂದರೆ ಫಾದರ್ ಇಲ್ಲ. ಫೋನ್ ಮಾಡಿದರೆ ಎತ್ತಲ್ಲ. ಕಣದಲ್ಲಿ ಕಾಫಿ ಒಣಗಿಸಿ, ರಾಶಿ ಮುಚ್ಚಿ, ಕೈ ತೊಳೆದು ಬರುವಾಗ ಏಳೂವರೆ. ಆಗ ಹೆಸರು ಬರೆಸಲು ಯಾರಿದ್ದಾರೆ? ಅದಕ್ಕೇ ಭಾನುವಾರ ಬಾಗಿಲ ಸಂದಿಯಲ್ಲಿ ಕೈ ತೂರಿಸುವುದು.

ಇನ್ನೊಂದು. ಪೂಜೆ ಕಾಣಿಕೆ ಎಲ್ಲಿ ಹೋಗುತ್ತದೆ ಅಂತ ಯಾರೂ ಹೇಳಲ್ಲ. ಭಾನುವಾರ ಮೂರು ಪೂಜೆ ಮಾಡಿದರೆ ಮೂರು ಕಾಣಿಕೆಯೂ ಫಾದರ್ ಜೇಬಿಗೆ ಅಂತ ನಮ್ಮಲ್ಲಿ ಮಾತಿದೆ.

ಎಸ್ಟೇಟ್ ಫಾದರ್:
ಆ ಮಾತು ತಪ್ಪು, ಆದರೆ ಕೇಳಿದ್ದು ಒಳ್ಳೆಯದೇ. ದಿನಕ್ಕೆ ಎಷ್ಟೇ ಪೂಜೆ ಮಾಡಿದರೂ ಒಂದೇ ಕಾಣಿಕೆ ನಾವು ಇಟ್ಟುಕೊಳ್ಳಬಹುದು. ಮಿಕ್ಕಿದ್ದನ್ನು ಬಿಷಪ್ ಹೇಳಿದ ಕೆಲಸಕ್ಕೆ ಕಳಿಸಬೇಕು. ಧರ್ಮಸಭೆಯ ಕಾನೂನಿನ 951ನೇ ವಿಧಿ. ಕ್ರಿಸ್ಮಸ್ ದಿನ ಮಾತ್ರ ಇದಕ್ಕೆ ವಿನಾಯಿತಿ. ಇನ್ನೂ ಒಂದು ವಿಷಯ. ಸಾಮಾನ್ಯವಾಗಿ ಒಬ್ಬ ಫಾದರ್ ದಿನಕ್ಕೆ ಒಂದೇ ಪೂಜೆ ಮಾಡಬೇಕು. ಫಾದರ್‌ಗಳು ಸಾಲದಿದ್ದರೆ ವಾರದ ದಿನ ಎರಡು, ಭಾನುವಾರ ಮೂರಕ್ಕೆ ಬಿಷಪ್ ಅನುಮತಿ ಕೊಡಬಹುದು. ಅಂದರೆ ನಾಲ್ಕನೇ ಎಸ್ಟೇಟಿನವರು 'ನಮ್ಮಲ್ಲಿಗೂ ಬಂದು ಹೋಗಿ' ಅಂದಾಗ ಆಗಲ್ಲ ಅನ್ನುವುದು ಸೋಮಾರಿತನದಿಂದ ಅಲ್ಲ.

ಆಫೀಸ್ ಸಮಯದ ವಿಷಯ ನೀವು ಹೇಳಿದ್ದು ಸರಿ. ಕುಯ್ಲಿನ ತಿಂಗಳುಗಳಲ್ಲಿ ಸಂಜೆ ಇಡಬೇಕು. ಆದರೆ ಸಂಜೆ ಏಳೂವರೆಗೆ ಫಾದರ್ ಎಲ್ಲಿರುತ್ತಾರೆ ಅಂದುಕೊಂಡಿರಿ? ತೋಟದ ಕೂಲಿಯವರ ಯಾವುದೋ ಲೈನ್ ಮನೆಯಲ್ಲಿ ಜಪಸರದ (ರೋಸರಿ) ಪ್ರಾರ್ಥನೆಗೆ ಹೋಗಿರುತ್ತಾರೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಫೋನ್ ಎತ್ತದಿರುವುದು ಬೇರೆ, ಸಿಗದಿರುವುದು ಬೇರೆ.

ಹಾಸನದ ಗೃಹಿಣಿ:
ಫಾದರ್, ತಪ್ಪು ತಿಳಿಯಬೇಡಿ. ನಿಮಗೆ ತೆರಿಗೆ ಇಲ್ವಂತಲ್ಲ? ಮನೆ ಇದೆ, ಅಡುಗೆಯವರಿದ್ದಾರೆ, ಜೀಪಿದೆ. ನಮ್ಮೆಜಮಾನರು ಕೇಳುತ್ತಿದ್ದರು.

ಎಸ್ಟೇಟ್ ಫಾದರ್:
ನಿಮ್ಮ ಯಜಮಾನರಿಗೆ ಹೇಳಿ: 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅನುದಾನಿತ ಶಾಲೆಯಲ್ಲಿ ಪಾಠ ಮಾಡುವ ಫಾದರ್, ಸಿಸ್ಟರ್‌ಗಳ ಸಂಬಳದಲ್ಲೂ ಟಿಡಿಎಸ್ ಹಿಡಿಯಬೇಕು. ಆ ಸಂಬಳವನ್ನು ಅವರು ತಮ್ಮ ಸನ್ಯಾಸಿ ಸಭೆಗೆ ಒಪ್ಪಿಸಿದರೂ ಅಷ್ಟೇ.

ನನ್ನಂಥವರು ಆ ಲೆಕ್ಕಕ್ಕೂ ಬರಲ್ಲ. ಧರ್ಮಪ್ರಾಂತ್ಯದ ಫಾದರ್‌ಗಳು ಬಡತನದ ವ್ರತ ತೆಗೆದುಕೊಳ್ಳುವುದಿಲ್ಲ, ಅದು ಮಠದ ಸಭೆಗಳವರದು. ನಮ್ಮದು ವಿಧೇಯತೆ, ಬ್ರಹ್ಮಚರ್ಯ ಎರಡೇ. ಆದರೆ ತಿಂಗಳಿಗೆ ಸಿಗುವ ಭತ್ಯೆ ನೋಡಿದರೆ ವ್ರತ ತಾನಾಗಿಯೇ ಪಾಲನೆ ಆಗುತ್ತದೆ. ಜೀಪ್ ಧರ್ಮಕೇಂದ್ರದ್ದು. ನನಗಿಂತ ವಯಸ್ಸಾಗಿದೆ ಅಂತ ಮೆಕ್ಯಾನಿಕ್ ಹೇಳುತ್ತಾನೆ.

ಅರಸೀಕೆರೆ ಅರ್ಚಕ:
ಫಾದರ್, ನಮಸ್ಕಾರ. ಬೇರೆ ಮನೆಯವನು ಬಂದೆ ಅಂತ ಬೇಸರ ಬೇಡ. ಬೀಗದ ಕೈ ಕಥೆ ಓದಿ ನಗು ಬಂತು. ನಮ್ಮದು ಮುಜರಾಯಿ ಸಿ ವರ್ಗದ ದೇವಸ್ಥಾನ. ವರ್ಷದ ಆದಾಯ ಐದು ಲಕ್ಷದೊಳಗಿದ್ದರೆ ಸಿ ವರ್ಗ. ನಮ್ಮದು ಲಕ್ಷ ಕಂಡರೆ ಹಬ್ಬ. ಸರ್ಕಾರದ ತಸ್ತೀಕು, ಅಂದರೆ ಪೂಜೆಗೆಂದು ಕೊಡುವ ಹಣ, ಮೊದಲು ವರ್ಷಕ್ಕೆ 48,000 ಇತ್ತು, ಆಮೇಲೆ 60,000 ಮಾಡಿದರು, 2025ರ ಬಜೆಟ್‌ನಲ್ಲಿ 72,000 ಅಂದರು. ವರ್ಷಕ್ಕೆ, ತಿಂಗಳಿಗಲ್ಲ. ಅದರಲ್ಲೇ ಎಣ್ಣೆ, ಬತ್ತಿ, ನೈವೇದ್ಯ, ನಮ್ಮ ಹೊಟ್ಟೆ.

ಆದರೆ ನನ್ನ ನಿಜವಾದ ತಲೆನೋವು ಹಾಸನಾಂಬೆ. ದೇವಿಯದ್ದಲ್ಲಪ್ಪ, ಪಾಸಿನದ್ದು. ಆಶ್ವಯುಜದಲ್ಲಿ ಬಾಗಿಲು ತೆಗೆದರೆ ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ವರ್ಷಕ್ಕೆ ಅಷ್ಟೇ ದಿನ ದರ್ಶನ. ಆ ದಿನಗಳಲ್ಲಿ ನನಗೆ ಬೆಂಗಳೂರಿನಿಂದ ಫೋನೋ ಫೋನು. 'ಐನೋರೇ, ನೀವು ಹಾಸನ ಜಿಲ್ಲೆಯವರಲ್ವಾ, ನಾಲ್ಕು ಪಾಸ್ ಕೊಡಿಸಿ.' ನಾನು ಇರುವುದು ಅರಸೀಕೆರೆ ತಾಲ್ಲೂಕಿನ ಹಳ್ಳಿ. ಹಾಸನಾಂಬೆಗೆ ನಾನೇ ಧರ್ಮದರ್ಶನದ ಸಾಲಿನಲ್ಲಿ ನಿಲ್ಲುತ್ತೇನೆ. ಪಾಸ್ ಕೊಡಿಸಲಿಲ್ಲ ಅಂತ ನಮ್ಮ ಷಡ್ಡಕ ಎರಡು ವರ್ಷದಿಂದ ಮನೆಗೆ ಬಂದಿಲ್ಲ.

ಎಸ್ಟೇಟ್ ಫಾದರ್:
ಐನೋರೇ, ನಿಮಗೆ ಹಾಸನಾಂಬೆ ಆದರೆ ನಮಗೆ ಶೆಟ್ಟಿಹಳ್ಳಿ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಹಳೇ ಚರ್ಚು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಈಗ ಚಾವಣಿಯೂ ಇಲ್ಲ, ಪೂಜೆಯೂ ಇಲ್ಲ. ಆದರೂ ಕೇಳುತ್ತಾರೆ. 'ಫಾದರ್, ಈಗ ನೀರು ಎಷ್ಟಿದೆ?' 'ಪ್ರೀ ವೆಡ್ಡಿಂಗ್ ಶೂಟ್‌ಗೆ ಪರ್ಮಿಷನ್ ಯಾರು ಕೊಡುತ್ತಾರೆ?' ಒಬ್ಬರು ಅಲ್ಲಿ ಮದುವೆಯನ್ನೇ ಮಾಡಿಸಿಕೊಡಿ ಅಂದರು. ದೋಣಿ ಅವರೇ ತರುತ್ತಾರಂತೆ.

ನಿವೃತ್ತ ಉಪದೇಶಿ:
ಫಾದರ್‌ಗೆ ಸ್ತೋತ್ರ. ನಾನು ಬಹಳ ವರ್ಷ ಉಪದೇಶಿಯಾಗಿ, ಅಂದರೆ ಫಾದರ್‌ಗಳಿಗೆ ನೆರವಾಗಿ ಧರ್ಮಬೋಧನೆ ಮಾಡಿಕೊಂಡು, ಇದ್ದವನು. ಹಲವು ಸ್ವಾಮಿಗಳ (ಫಾದರ್‌ಗಳನ್ನು ನಾವು ಹಾಗೇ ಕರೆಯುವುದು) ಕೈಕೆಳಗೆ ಕೆಲಸ ಮಾಡಿದ್ದೇನೆ. ಈಗಿನವರು ಚೀಟಿ, ಬೀಗ ಅಂತೆಲ್ಲ ಬೇಸರ ಮಾಡಿಕೊಳ್ಳುವುದು ನೋಡಿದರೆ ಒಂದು ಮಾತು ಹೇಳಬೇಕು ಅನಿಸುತ್ತದೆ. ನಿಜವಾದ ಕಷ್ಟ ಮಳೆಗಾಲದ ಮಣ್ಣು.

ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದೇ ಒಂದು ಯುದ್ಧ. ಬೆಳಗ್ಗೆ ತೋಡಿದರೆ ಮಧ್ಯಾಹ್ನಕ್ಕೆ ಸೊಂಟದ ತನಕ ನೀರು. ಪಕ್ಕದ ಮಣ್ಣು ಕುಸಿಯುತ್ತದೆ. ಹಳೇ ಗುಂಡಿಯ ಕಡೆಯಿಂದ ಕುಸಿದರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ತೋಟದಿಂದ ಸ್ಪ್ರೇ ಪಂಪಿನ ಮೋಟರ್ ತಂದು ನೀರೆತ್ತುತ್ತಿದ್ದೆವು. ಮೆರವಣಿಗೆ ಗೇಟಿಗೆ ಬಂತು ಅಂತ ಗೊತ್ತಾದ ತಕ್ಷಣ ಮೋಟರ್ ನಿಲ್ಲಿಸಬೇಕು, ಆ ಸದ್ದಿನಲ್ಲಿ ಪ್ರಾರ್ಥನೆ ಕೇಳಲ್ಲ. ನಿಲ್ಲಿಸಿದರೆ ನೀರು ಏರುತ್ತದೆ. ಪ್ರಾರ್ಥನೆ ಬೇಗ ಮುಗಿಸಿದರೆ 'ಸ್ವಾಮಿಗಳು ಅವಸರ ಮಾಡಿದರು' ಅಂತ ಮನೆಯವರ ದೂರು. ನಿಧಾನ ಮಾಡಿದರೆ ಪೆಟ್ಟಿಗೆ ತೇಲುತ್ತದೆ. ಒಬ್ಬರು ಸ್ವಾಮಿಗಳು ಇದಕ್ಕೊಂದು ಉಪಾಯ ಮಾಡಿದ್ದರು. ಉದ್ದದ ಪ್ರಾರ್ಥನೆಗಳನ್ನೆಲ್ಲ ಚರ್ಚಿನೊಳಗೇ ಮುಗಿಸಿ, ಗುಂಡಿಯ ಹತ್ತಿರ ಆಶೀರ್ವಾದ ಮಾತ್ರ. ಜನರಿಗೂ ಒಗ್ಗಿತು.

ಗುಂಡಿ ತೋಡುವವರು ಈಗ ಎಲ್ಲಿದ್ದಾರೆ? ಮಕ್ಕಳು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದರು. ಜೇಸಿಬಿ ಒಳಗೆ ಬರಲು ಸ್ಮಶಾನದ ಗೇಟು ಚಿಕ್ಕದು. ಗೇಟು ದೊಡ್ಡದು ಮಾಡೋಣ ಅಂದರೆ ಪಕ್ಕದಲ್ಲಿ ಯಾರದೋ ಅಜ್ಜನ ಕಲ್ಲಿನ ಗೋರಿ. ಆ ಅಜ್ಜನ ಮೊಮ್ಮಕ್ಕಳು ಸಮಿತಿಯಲ್ಲಿದ್ದಾರೆ.

ಎಸ್ಟೇಟ್ ಫಾದರ್:
ಮಾಸ್ಟ್ರೇ, ಇದನ್ನು ಓದಿದ ಮೇಲೆ ನನ್ನ ಚೀಟಿಗಳ ಮೇಲೆ ಪ್ರೀತಿ ಬಂತು. ಆ ಗೇಟಿನ ಸಮಸ್ಯೆ ನಮ್ಮಲ್ಲೂ ಇದೆ, ಅಜ್ಜ ಮಾತ್ರ ಬೇರೆ.

ಪಾರ್ಸನೇಜ್ ಅಮ್ಮ:
ನಾವು ಸಿಎಸ್‌ಐ ಸಭೆಯ ಪ್ರೊಟೆಸ್ಟೆಂಟರು. ನಮ್ಮ ಮನೆಯವರು ಅಯ್ಯನವರು, ಅಂದರೆ ಪಾದ್ರಿ. ಫಾದರ್‌ಗಳು ಒಂಟಿ, ಅವರ ಕಷ್ಟ ಅವರಿಗೇ. ನಮ್ಮಲ್ಲಿ ಅಯ್ಯನವರ ಜೊತೆ ಹೆಂಡತಿ ಮಕ್ಕಳೂ ಸಂಬಳ ಇಲ್ಲದೆ ಕೆಲಸಕ್ಕೆ ಸೇರಿದ ಹಾಗೆ. ನಾನು ಗಾಯನ ಮಂಡಳಿಗೆ ಬರದಿದ್ದರೆ ಕೇಳುತ್ತಾರೆ. ಭಾನುವಾರ ಶಾಲೆ ನಾನೇ ನಡೆಸಬೇಕು. ಮಗಳು ಜೀನ್ಸ್ ಹಾಕಿದರೆ ಸ್ತ್ರೀ ಸಮಾಜದಲ್ಲಿ ಚರ್ಚೆ. ಪಾರ್ಸನೇಜಿನ, ಅಂದರೆ ಅಯ್ಯನವರಿಗೆ ಸಭೆ ಕೊಟ್ಟ ಮನೆಯ, ಹಿತ್ತಲಿನ ಹಲಸು ಯಾರದ್ದು ಅಂತ ನಮ್ಮ ಹಿಂದಿನ ಊರಿನಲ್ಲಿ ದೊಡ್ಡ ಮಾತಾಯಿತು. ಸಭೆಯ ಮರ, ಸಭೆಯ ಹಣ್ಣು ಅಂತ. ಸರಿ, ಕೊಯ್ದುಕೊಂಡು ಹೋಗಿ ಅಂದೆ. ಯಾರೂ ಬರಲಿಲ್ಲ. ಕೊಳೆತು ಬಿದ್ದ ಹಣ್ಣು ಗುಡಿಸಿದವಳು ಮಾತ್ರ ನಾನು.

ಟ್ರಾನ್ಸ್‌ಫರ್ ಆದಾಗ ಮಕ್ಕಳ ಶಾಲೆ, ಟಿಸಿ, ಹೊಸ ಊರಿನ ಸಿಲಿಂಡರ್. ಅದೆಲ್ಲ ಬರೆಯಲು ಹೋದರೆ ರಾತ್ರಿಯಾಗುತ್ತದೆ.

ರೊಬಸ್ಟಾ ರೈತ:
ಹಲಸಿನ ಹಣ್ಣಿಗೆ ನಮ್ಮ ಕಡೆ ಈಗ ಆನೆ ಬರುತ್ತದೆ ಅಮ್ಮಾ. ಗುಡಿಸುವ ಕೆಲಸ ಉಳಿಯುತ್ತದೆ.

ಎಸ್ಟೇಟ್ ಫಾದರ್:
ಆನೆ ಅಂದಿರಿ ನೋಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಈಗ ಪೂಜೆ ಸಮಯ ಇಡುವುದರಲ್ಲಿ ಆನೆಗಳಿಗೂ ಒಂದು ಮಾತಿದೆ. ಅರಣ್ಯ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ 'ಗುಂಪು ಇಂಥ ಎಸ್ಟೇಟಿನಲ್ಲಿದೆ' ಅಂತ ಬಂದರೆ ಆ ಕಡೆಯ ವಾರ್ಡಿನ ಪ್ರಾರ್ಥನೆ ರದ್ದು. ಕ್ರಿಸ್ಮಸ್ ರಾತ್ರಿಯ ಪೂಜೆಯನ್ನು ಎಷ್ಟೋ ಕಡೆ ಸಂಜೆ ಏಳಕ್ಕೇ ಇಡುತ್ತಾರೆ. ಹನ್ನೆರಡಕ್ಕೇ ಬೇಕು ಅನ್ನುವ ಹಿರಿಯರು ಇನ್ನೂ ಇದ್ದಾರೆ. ಮನೆಯಿಂದ ಜೀಪಿನಲ್ಲಿ ಬರುವವರು ಅವರು. ಲೈನ್ ಮನೆಯಿಂದ ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ನಡೆದು ಬರುವವರು ಯಾರೂ ಹನ್ನೆರಡು ಗಂಟೆ ಕೇಳುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನಾನು ಜಗ್ಗಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಮೈಕ್ ಹಾಕಬಾರದು ಅನ್ನುವ 2000ದ ಶಬ್ದ ಮಾಲಿನ್ಯ ನಿಯಮವೂ ಇದೆ. ಹಬ್ಬಕ್ಕೆ ಸರ್ಕಾರ ಸಡಿಲಿಕೆ ಕೊಡಬಹುದು, ಅದೂ ಮಧ್ಯರಾತ್ರಿ ತನಕ ಅಷ್ಟೇ.

ಸಮಯ ಆಯಿತು, ಇನ್ನು ಭಾಷೆ. ಇದೇ ನಮ್ಮ ಕಡೆಯ ದೊಡ್ಡ ಗಂಟು. 1960ರ ದಶಕದ ವ್ಯಾಟಿಕನ್ ಮಹಾಸಭೆಯ ತನಕ ಪೂಜೆ ಲ್ಯಾಟಿನ್‌ನಲ್ಲಿತ್ತು. ಯಾರಿಗೂ ಅರ್ಥವಾಗುತ್ತಿರಲಿಲ್ಲ, ಯಾರಿಗೂ ಜಗಳವೂ ಇರಲಿಲ್ಲ. ಈಗ ಮಂಗಳೂರು ಕಡೆಯಿಂದ ಬಂದ ತೋಟದವರಿಗೆ ಕೊಂಕಣಿ. ತಲೆಮಾರಿನ ಹಿಂದೆ ಬಂದ ಕೂಲಿಯವರ ಮನೆಗಳಲ್ಲಿ ತಮಿಳು. ಪೇಟೆಯವರಿಗೆ ಕನ್ನಡ. ಕೊಪ್ಪ, ನರಸಿಂಹರಾಜಪುರದ ಕಡೆ ಮಲಯಾಳಿಗಳು ಬಹಳ ಇದ್ದಾರೆ. ಅವರಲ್ಲಿ ಸಿರೋ ಮಲಬಾರ್‌ನವರಿಗೆ (ಬೇರೆ ಪೂಜಾ ಪದ್ಧತಿಯ ಕಥೋಲಿಕರು) 2007ರಿಂದ ಭದ್ರಾವತಿಯಲ್ಲಿ ಬೇರೆಯೇ ಧರ್ಮಪ್ರಾಂತ್ಯ ಇದೆ. ಕುಯ್ಲಿಗೆ ಜಾರ್ಖಂಡಿನಿಂದ ಬರುವವರಲ್ಲಿ ಕಥೋಲಿಕರಿದ್ದಾರೆ. ಅವರು ಹಿಂದೆ ನಿಂತುಕೊಂಡು, ಭಾಷೆ ತಿಳಿಯದಿದ್ದರೂ ಸರಿಯಾದ ಜಾಗಕ್ಕೆ ಮೊಣಕಾಲೂರುತ್ತಾರೆ. ದೂರು ಹೇಳದವರು ಅವರೊಬ್ಬರೇ.

ಹಬ್ಬದ ದಿನ ಎರಡು ಭಾಷೆ ಬೆರೆಸಿ ಪೂಜೆ ಮಾಡಿದರೆ ಎರಡೂ ಕಡೆಯವರು ಹಾಡು ಎಣಿಸುತ್ತಾರೆ. ನಮ್ಮದು ಮೂರು, ಅವರದು ನಾಲ್ಕು. ನನ್ನ ಅಭಿಪ್ರಾಯ ಕೇಳಿದರೆ, ಇದು ಭಾಷೆಯ ಜಗಳವೇ ಅಲ್ಲ. ತೋಟದ ಯಜಮಾನರೂ ತೋಟದ ಆಳುಗಳೂ ಒಂದೇ ಬೆಂಚಿನಲ್ಲಿ ಕೂರಬೇಕಾದ ಒಂದೇ ಜಾಗ ಚರ್ಚು. ಆ ಮುಜುಗರಕ್ಕೆ ಭಾಷೆ ಒಂದು ನೆಪ. ಇದಕ್ಕೆ ಬೈಸಿಕೊಳ್ಳುತ್ತೇನೆ ಅಂತ ಗೊತ್ತು.

ರೊಬಸ್ಟಾ ರೈತ:
ಬೈಯುವುದಿಲ್ಲ ಫಾದರ್, ಆದರೆ ಪೂರ್ತಿ ಒಪ್ಪುವುದೂ ಇಲ್ಲ. ನಮ್ಮ ಅಜ್ಜಿಗೆ ಕೊಂಕಣಿ ಬಿಟ್ಟರೆ ಪ್ರಾರ್ಥನೆ ಬರುತ್ತಿರಲಿಲ್ಲ. ಸಾಯುವಾಗ ಬಂದ ಫಾದರ್ ಕನ್ನಡದಲ್ಲಿ ಹೇಳಿದರು. ಅಜ್ಜಿ ಕಣ್ಣು ಬಿಟ್ಟು 'ಇವರು ಯಾರು' ಅಂದಳು. ಅದು ನೆಪ ಅಲ್ಲ.

ಎಸ್ಟೇಟ್ ಫಾದರ್:
ಹೌದು, ಅದು ನೆಪ ಅಲ್ಲ. ನಾನು ಹೇಳಿದ್ದು ಹಾಡು ಎಣಿಸುವವರ ಬಗ್ಗೆ.

ಕುವೈತ್ ಕನ್ನಡತಿ:
ಎಲ್ಲರ ಮಾತು ಓದುತ್ತಾ ಕೂತಿದ್ದೆ. ಫಾದರ್, ಸರ್ಟಿಫಿಕೇಟ್ ವಿಷಯ ನೀವು ಬರೆಯಲೇ ಇಲ್ಲ. ನಮ್ಮಪ್ಪನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟಿನಲ್ಲಿ ಇರುವ ಹೆಸರೇ ಬೇರೆ, ಆಧಾರ್‌ನಲ್ಲಿ ಇರುವುದೇ ಬೇರೆ. ಊರಿನ ಫಾದರ್‌ಗೆ ಸ್ವಲ್ಪ ತಿದ್ದಿ ಕೊಡಿ ಅಂದರೆ ಆಗುವುದಿಲ್ಲ ಅಂದರು. ಒಂದು ಅಕ್ಷರಕ್ಕೆ ಇಷ್ಟೊಂದು ಹಟ ಯಾಕೆ?

ಎಸ್ಟೇಟ್ ಫಾದರ್:
ಬೇಕೆಂದೇ ಬರೆದಿರಲಿಲ್ಲ, ಬರೆದರೆ ನಿಲ್ಲುವುದಿಲ್ಲ ಅಂತ. ಕೇಳಿದಿರಲ್ಲ, ಕೇಳಿ.

ಹಳೇ ರಿಜಿಸ್ಟರ್‌ಗಳು ಫ್ರೆಂಚ್ ಫಾದರ್‌ಗಳ ಕಾಲದವು. ಬರೆದದ್ದು ಲ್ಯಾಟಿನ್‌ನಲ್ಲಿ. ರಿಜಿಸ್ಟರ್‌ನಲ್ಲಿ ಫ್ರಾನ್ಸಿಸ್ಕುಸ್ ಕ್ಸವೇರಿಯುಸ್ ಅಂತಿರುತ್ತದೆ. ಮನೆಯಲ್ಲಿ ಕರೆಯುವುದು ಚೌರಪ್ಪ. ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಸವರಪ್ಪ. ಆಧಾರ್‌ನಲ್ಲಿ ಕ್ಸೇವಿಯರ್. ಇಗ್ನಾಸಿಯವರು ಇನ್ನಾಸಪ್ಪ, ಪೇತ್ರರು ರಾಯಪ್ಪ, ಪೌಲರು ಚಿನ್ನಪ್ಪ. ನಾಲ್ಕು ಕಾಗದದಲ್ಲಿ ನಾಲ್ಕು ಜನ, ಎದುರಿಗೆ ನಿಂತಿರುವವರು ಒಬ್ಬರೇ.

ನಾನು ತಿದ್ದಬಹುದಲ್ವಾ ಅಂದರೆ, ತಿದ್ದಬಾರದು. ರಿಜಿಸ್ಟರ್ ಫಾದರ್‌ನ ಸ್ವಂತದ್ದಲ್ಲ. ಬಿಷಪ್ ಆಫೀಸಿನ ಒಪ್ಪಿಗೆ ಇಲ್ಲದೆ ಅದರಲ್ಲಿ ಒಂದು ಗೆರೆ ಎಳೆಯುವಂತಿಲ್ಲ. ಮದುವೆಯಾದರೆ ಅದನ್ನೂ ಜ್ಞಾನಸ್ನಾನದ ಅದೇ ಪುಟದಲ್ಲಿ ಪಕ್ಕಕ್ಕೆ ಬರೆಯುತ್ತೇವೆ. ಒಬ್ಬರು ಎರಡು ಸಲ ಮದುವೆಯಾಗದಂತೆ ಕಾಯುವುದು ಆ ಒಂದು ಸಾಲು. ಅಲ್ಲಿ ಸುಮ್ನೆ ಹೆಸರು ಬದಲಾಯಿಸಿದರೆ ನಾಳೆ ಇನ್ನೊಬ್ಬರ ಬದುಕಿಗೆ ತೊಂದರೆ.

ನಿಮ್ಮ ಅಪ್ಪನಿಗೆ ದಾರಿ ಇದೆ. ಪಾಸ್‌ಪೋರ್ಟಿಗೋ ಪಿಂಚಣಿಗೋ ಬೇಕಾಗಿದ್ದರೆ ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಅದನ್ನು ಆ ಆಫೀಸಿನವರು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ರಿಜಿಸ್ಟರ್‌ನಲ್ಲೇ ಬದಲಾಗಬೇಕು ಅಂದರೆ ಹಳೇ ಶಾಲಾ ದಾಖಲೆ, ಅಪ್ಪ ಅಮ್ಮನ ಮದುವೆ ದಾಖಲೆ ಎಲ್ಲಾ ಸೇರಿಸಿ ನಿಮ್ಮ ಫಾದರ್ ಮೂಲಕ ಬಿಷಪ್ ಆಫೀಸಿಗೆ ಅರ್ಜಿ ಕೊಡಿ. ಅಂದಹಾಗೆ ಜ್ಞಾನಸ್ನಾನದ ಸರ್ಟಿಫಿಕೇಟು ಸರ್ಕಾರದ ಜನನ ಪ್ರಮಾಣಪತ್ರ ಅಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ ಸೇರಿಸುವುದರಿಂದ ಹಿಡಿದು ಪಾಸ್‌ಪೋರ್ಟ್ ತನಕ ಜನನ ಪ್ರಮಾಣಪತ್ರವೇ ಬೇಕು. ಮೊಮ್ಮಕ್ಕಳಿದ್ದರೆ ಈಗಲೇ ಹೆಸರು ಸರಿಯಾಗಿ ಬರೆಸಿ.

ಕುವೈತ್ ಕನ್ನಡತಿ:
ಇಷ್ಟು ಬಿಡಿಸಿ ನಮ್ಮ ಫಾದರ್ ಹೇಳಿದ್ದರೆ ನಾನು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಅವರು 'ಆಗಲ್ಲ' ಅಂದು ಫೋನ್ ಇಟ್ಟರು.

ಎಸ್ಟೇಟ್ ಫಾದರ್:
ಅದೇ ದಿನ ಅವರು ಆರನೇ ಸಲ ಅದನ್ನೇ ಹೇಳುತ್ತಿದ್ದರೇನೋ. ಆದರೂ ಹಾಗೆ ಇಡಬಾರದಿತ್ತು.

ಅರಸೀಕೆರೆ ಅರ್ಚಕ:
ಫಾದರ್, ಊಟದ ವಿಷಯ? ನಮಗೆ ಒಪ್ಪೊತ್ತು, ಉಪವಾಸ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ನೀವೇನು ಮಾಡುತ್ತೀರಿ?

ಎಸ್ಟೇಟ್ ಫಾದರ್:
ನಮಗೆ ಆ ದಾರಿ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮಾತ್ರ. ಈಸ್ಟರ್ ಆದ ಮೇಲೆ ಮನೆ ಆಶೀರ್ವಾದ ಶುರು. ಒಂದು ಸಂಜೆಗೆ ಒಂದು ಲೈನ್ ಪೂರ್ತಿ. ಪ್ರತಿ ಮನೆಯಲ್ಲೂ ಟೀ, ಪ್ರತಿ ಟೀಗೂ ನಾಲ್ಕು ಚಮಚ ಸಕ್ಕರೆ, ಫಾದರ್ ಅಲ್ವಾ ಅಂತ ಒಂದು ಚಮಚ ಜಾಸ್ತಿ. ನನಗೆ ಶುಗರ್ ಇದೆ. ಹೇಳಿದರೆ 'ಹಾಗಾದರೆ ಪಂದಿ ಸಾರು ತಗೊಳ್ಳಿ' ಅನ್ನುತ್ತಾರೆ. ಮೊದಲ ಮನೆಯಲ್ಲಿ ಕುಡಿದು ಎರಡನೆಯದರಲ್ಲಿ ಬೇಡ ಅಂದರೆ ಕಥೆ ಮುಗಿಯಿತು. ಹಾಗಾಗಿ ಈಗ ಎಲ್ಲಾ ಕಡೆ ಬಿಸಿನೀರು ಕೇಳುತ್ತೇನೆ. ಬಡವರ ಮನೆಯಲ್ಲಿ ಮಾತ್ರ ಟೀ ಕುಡಿಯುತ್ತೇನೆ. ಅಲ್ಲಿ ಬೇಡ ಅಂದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ.

ಪಾರ್ಸನೇಜ್ ಅಮ್ಮ:
ಫಾದರ್, ಸಂಜೆ ಪ್ರಾರ್ಥನೆ ಮುಗಿದು ಮನೆಗೆ ಬಂದರೆ ಮಾತಾಡಲು ಯಾರಿರುತ್ತಾರೆ? ಕೇಳಬಾರದೇನೋ. ನಮ್ಮ ಮನೆಯವರು ರಾತ್ರಿ ಊಟಕ್ಕೆ ಕೂತು ಸಮಿತಿಯವರನ್ನು ಅರ್ಧ ಗಂಟೆ ಬೈದು ಮಲಗುತ್ತಾರೆ. ನಿಮಗೆ ಅದೂ ಇಲ್ವಲ್ಲ.

ಎಸ್ಟೇಟ್ ಫಾದರ್:
ಕೇಳಬಹುದು ಅಮ್ಮಾ. ಪಕ್ಕದ ಧರ್ಮಕೇಂದ್ರದ ಫಾದರ್‌ಗೆ ಫೋನ್ ಮಾಡುತ್ತೇನೆ, ಟವರ್ ಇದ್ದರೆ. ಅವರು ಅವರ ಸಮಿತಿಯನ್ನು ಬೈಯುತ್ತಾರೆ, ನಾನು ನನ್ನದನ್ನು. ಕರೆಂಟ್ ಹೋದ ದಿನ ಬೇಗ ಮಲಗುತ್ತೇನೆ. ಕೆಲವು ದಿನ ಕಷ್ಟವೇ. ಅದಕ್ಕೆ ಹೆಚ್ಚು ಬರೆಯಲ್ಲ.

ರೊಬಸ್ಟಾ ರೈತ:
ಎಲ್ಲಾ ಒಪ್ಪಿದೆ ಫಾದರ್, ಒಂದು ಬಿಟ್ಟು. ಚರ್ಚ್ ಹಾಲಿಗೆ ಡೆಪಾಸಿಟ್ ತಗೊಂಡು, ಮದುವೆ ಆದ ಮೇಲೆ ಕ್ಲೀನ್ ಮಾಡಿಲ್ಲ ಅಂತ ಪೂರ್ತಿ ಹಿಡಿದುಕೊಳ್ಳುವುದು ಅನ್ಯಾಯ. ನಮ್ಮ ತಂಗಿ ಮದುವೆಯಲ್ಲಿ ಬಾಳೆ ಎಲೆ ಎಲ್ಲಾ ನಾವೇ ಎತ್ತಿದ್ದೆವು. ಪಾತ್ರೆ ತೊಳೆದ ಜಾಗ ಒಂದು ಬಿಟ್ಟುಹೋಗಿತ್ತು ಅಷ್ಟೇ.

ಎಸ್ಟೇಟ್ ಫಾದರ್:
ಪಾತ್ರೆ ತೊಳೆದ ಜಾಗ ಮರುದಿನ ಯಾರು ತೊಳೆದರು ಅಂತ ಕೇಳಿ ನೋಡಿ. ಡೆಪಾಸಿಟ್ ಎಷ್ಟು ಹಿಡಿಯಬೇಕು ಅನ್ನುವುದನ್ನು ನಿಮ್ಮ ಪಾಲನಾ ಸಮಿತಿಯಲ್ಲಿ ಎತ್ತಿ, ಎತ್ತಲೇಬೇಕಾದ ವಿಷಯ. ಆದರೆ ಮೀಟಿಂಗಿಗೆ ಬಂದು ಎತ್ತಿ. ಭಾನುವಾರ ಎರಡನೇ ಗಂಟೆ ಹೊಡೆದ ಮೇಲೆ ಅಲ್ಲ.

ರೊಬಸ್ಟಾ ರೈತ:
ಮೀಟಿಂಗ್ ಎಷ್ಟು ಗಂಟೆಗೆ ಇಡುತ್ತಾರೆ ಗೊತ್ತಾ ಫಾದರ್? ಬೆಳಗ್ಗೆ ಹತ್ತಕ್ಕೆ. ಕುಯ್ಲಿನ ಸಮಯದಲ್ಲಿ.